ಮೈಲಾರನ ಒಪ್ಪಿಗೆ

ರಜಿತಾಳ ಬಾಯಿಗೆ ಬೀಗ ಹಾಕುವವರು ಧರೂರು ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕುರಿ ಹಿಂಡಿನ ಹಿಂದೆ ಬೆಳೆದ ಹುಡುಗಿ. ಮಾತಿಗೆ ಮನುಷ್ಯರು ಸಿಗದಿದ್ದರೆ ಟಗರನ್ನೇ ನಿಲ್ಲಿಸಿಕೊಂಡು ಕಷ್ಟಸುಖ ವಿಚಾರಿಸುತ್ತಿದ್ದಳು. ಗದ್ವಾಲದಲ್ಲಿ ನರ್ಸಿಂಗ್ ಓದಲು ಸೇರಿದರೂ ಆ ಚಟ ಬಿಡಲಿಲ್ಲ. ಹೋದ ಸಲದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬಿ.ಪಿ. ನೋಡುತ್ತ ನೋಡುತ್ತ ರೋಗಿಯ ಮಗಳ ಮದುವೆ ಮಾತಿಗೆ ಇಳಿದು, ಬಿ.ಪಿ. ಎಷ್ಟೆಂದು ಕೇಳಿದಾಗ ಗಂಡಿನ ಊರಿನ ಹೆಸರು ಹೇಳಿ ಫೇಲಾಗಿದ್ದಳು.

ಈ ಸಲ ಪಾಸಾದರೆ ಮಖ್ತಲದ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಕೆಲಸ ಕಾದಿತ್ತು. ಫೇಲಾದರೆ ಅದು ಬೇರೆ ಯಾರದೋ ಪಾಲು. ಪರೀಕ್ಷೆ ಮಾಡಲು ಬಂದವರು ಮತ್ತೆ ಹೋದ ಸಲ ಫೇಲು ಮಾಡಿದ ತಿರುಪತಮ್ಮ ಸಿಸ್ಟರ್. ನಾರಾಯಣಪೇಟೆಯ ನೇಕಾರರ ಮನೆ ಹೆಣ್ಣುಮಗಳು. ಮಗ್ಗದ ದಾರದಲ್ಲಿ ಒಂದೆಳೆ ತಪ್ಪಿದರೂ ಕಾಣುವಂಥ ಕಣ್ಣು.

"ಈ ಸಲ ಬಾಯಿ ಮುಚ್ಚಿಕೊಂಡು ಕೆಲಸ ಮಾಡ್ತಿಯೋ, ಮತ್ತ ಆರು ತಿಂಗಳು ಓದ್ತಿಯೋ?" ಎಂದರು.

ರಜಿತಾ ಬಾಯಿ ತೆರೆಯದೆ ತಲೆಯಾಡಿಸಿದಳು.

ದವಾಖಾನೆಯಲ್ಲಿ ಅವಳ ಪಾಲಿಗೆ ಬಂದ ರೋಗಿ ಖಂಡಪ್ಪ. ಕೆ.ಟಿ. ದೊಡ್ಡಿ ಕಡೆಯ ಮೈಲಾರಲಿಂಗನ ಪೂಜಾರಿ. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರದ ಅರಿಶಿನ, ಅಂಗಾಲಿನಲ್ಲಿ ತುಕ್ಕು ಮೊಳೆ ಚುಚ್ಚಿದ ಗಾಯ. ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತ ಹೆಂಡತಿ ಮೈಲಮ್ಮ. ಗಾಯ ತೊಳೆದು ಪಟ್ಟಿ ಕಟ್ಟುವ ತನಕ ಖಂಡಪ್ಪ ಬಂಡೆಯಂತೆ ಕೂತಿದ್ದ. ಉಳಿದದ್ದು ಒಂದೇ, ಟಿಟಿ ಸೂಜಿ. ರಜಿತಾ ಕೈ ತೊಳೆದು, ಔಷಧಿ ಎಳೆದುಕೊಂಡು, ತೋಳು ಏರಿಸಲು ಮೂಕಿಯ ಹಾಗೆ ಸನ್ನೆ ಮಾಡಿದಳು.

ಖಂಡಪ್ಪ ಸೂಜಿ ನೋಡಿದ. ಕಣ್ಣು ಮೇಲಾದವು, ಮೈ ಗಡಗಡ ನಡುಗಿತು, ಕಂಬಳಿ ನೆಲಕ್ಕೆ ಬಿತ್ತು.

"ಏಳುಕೋಟಿಗೋ!"

ಮೈಲಾರನ ಜಯಕಾರ ಕೇಳಿದ್ದೇ ಸಾಲಿನಲ್ಲಿದ್ದ ರೋಗಿಗಳೆಲ್ಲ ಎದ್ದು ಕೈಮುಗಿದರು. ದವಾಖಾನೆಯ ಜವಾನ ಕಿಷ್ಟಪ್ಪ ಚಪ್ಪಲಿ ಬಿಟ್ಟ. ಕೂತೇ ಇದ್ದವಳು ಮೈಲಮ್ಮ ಒಬ್ಬಳೇ.

"ಹಲ್ಲು ಕೀಳಸಾಕ ಹೋದಾಗೂ ಹಿಂಗ ಬಂದಿದ್ದ ದೇವರು," ಎಂದಳು. "ಮಳಿ ಕೇಳೂಣಂತ ಕರದ್ರ ಬರಂಗಿಲ್ಲ. ದವಾಖಾನಿ ಅಂದ್ರ ನಮಗಿಂತ ಮೊದ್ಲ ಬಂದಿರ್ತಾನ."

"ಇದೇಂಟಮ್ಮಾ ಇದಿ!" ಸಿಟ್ಟು ಬಂದರೆ ತಿರುಪತಮ್ಮನವರಿಗೆ ತೆಲುಗೇ ಬರುತ್ತಿತ್ತು. "ಕಿಷ್ಟಪ್ಪಾ, ಹಿಡಕೋ ಅವರನ್ನ!"

"ದೇವರನ್ನ ನಾ ಹೆಂಗ ಹಿಡೀಲ್ರಿ ಸಿಸ್ಟರಮ್ಮ? ನಾನೂ ಮಕ್ಕಳೊಂದಿಗ ಅದೀನ್ರಿ."

ರಜಿತಾಳ ಬಾಯಿ ತುಂಬ ಮಾತು. ಬಾಯಿ ಬಿಟ್ಟರೆ ಮಾರ್ಕು ಹೋಗುತ್ತದೆ, ಬಿಡದಿದ್ದರೆ ಸೂಜಿ ಹೋಗುವುದಿಲ್ಲ. ಅವಳ ಅಜ್ಜಿ ಇದೇ ಮೈಲಾರ ಊರಲ್ಲಿ ಯಾರ ಮೈಮೇಲೆ ಬಂದರೂ ಎದುರು ನಿಲ್ಲಿಸಿಕೊಂಡು ಲೆಕ್ಕ ಕೇಳಿದವಳು. ಮೊಮ್ಮಗಳು ಎಷ್ಟು ಹೊತ್ತು ತಡೆದಾಳು? ಸಿರಿಂಜನ್ನು ಟ್ರೇಯಲ್ಲಿಟ್ಟಳು.

"ತಪ್ಪಾತಪ್ಪಾ ಮೈಲಾರಲಿಂಗ, ಹೇಳದ ಕೇಳದ ಚುಚ್ಚಾಕ ಬಂದೆ. ಆದ್ರ ಸೂಜಿ ನಿನಗಲ್ಲ. ನೀ ಹತ್ತಿ ಬರೋ ಕುದುರಿಗಿ."

ನಡುಕ ಸ್ವಲ್ಪ ತಗ್ಗಿತು. "ಕುದುರಿಗಾ?"

"ಹೂಂನಪ್ಪಾ. ಕುದುರಿ ಕಾಲಿಗೆ ತುಕ್ಕಿನ ಮೊಳಿ ನೆಟ್ಟೈತಿ. ನಾಳೆ ಧನುರ್ವಾಯು ಬಂದು ಅದು ಸೆಟದು ಬಿತ್ತಂದ್ರ ನೀ ಯಾರ ಮ್ಯಾಲ ಬರ್ತಿ? ಇಂಥಾ ಪಳಗಿದ ಕುದುರಿ ಮತ್ತ ಸಿಗತೈತೇನು?"

"ಸಿಗಂಗಿಲ್ಲ," ಎಂದ ದೇವರು, ತುಸು ಹೆಮ್ಮೆಯಿಂದಲೇ.

"ಅಂಥಾದ್ದೇನು ಪಳಗಿಲ್ಲ ಬಿಡವ್ವ," ಎಂದಳು ಮೈಲಮ್ಮ.

ದೇವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಭಂಡಾರ ಹಿಡಿಯೋ ಕೈ ಮುಟ್ಟಬ್ಯಾಡ. ಎಡಗೈಗೆ ಹಾಕು. ಚುಚ್ಚೋ ಜಾಗಕ್ಕ ಭಂಡಾರ ಹಚ್ಚು."

"ಎಡಗೈಗೇ ಹಾಕ್ತೀನಿ. ಆದ್ರ ಅಲ್ಲಿ ಭಂಡಾರ ಹಚ್ಚಾಕ ನಮ್ಮ ಸಿಸ್ಟರ್ ಒಪ್ಪಂಗಿಲ್ಲ. ಬೇಕಾದ್ರ ಮೈಲಮ್ಮತ್ತಿ ಹಣಿಗೆ ಹಚ್ಚತಾಳ, ನನ್ನ ಕೈ ತೊಳದದ್ದೈತಿ."

ದೇವರು ಒಂದು ಕಣ್ಣು ತೆರೆದು ತಿರುಪತಮ್ಮನವರ ಮುಖ ನೋಡಿದ. "ಆತು, ಹಣಿಗೇ ಹಚ್ಚಲಿ."

ಮೈಲಮ್ಮ ಭಂಡಾರ ಹಚ್ಚಿದಳು. ಹಚ್ಚಿದಳು ಅನ್ನುವುದಕ್ಕಿಂತ ಬಡಿದಳು ಅಂದರೆ ಸರಿ.

"ಇನ್ನ ಸ್ವಲ್ಪ ಸರದು ಕುಂದ್ರಪ್ಪಾ, ಕುದುರಿನ್ನೂ ಒಂದು ಮಾತು ಕೇಳ್ತೀನಿ. ಖಂಡಪ್ಪಮಾಮಾ, ಚುಚ್ಚಲೇನ್ರಿ?"

ಅದೇ ಬಾಯಿಂದ ಈಗ ಬೆಕ್ಕಿನ ಮರಿಯಂಥ ದನಿ ಬಂತು: "ಸಣ್ಣ ಸೂಜಿ ಹಾಕವ್ವಾ."

ರಜಿತಾ ಸ್ಪಿರಿಟ್ ಹತ್ತಿಯಿಂದ ಎಡತೋಳು ಒರೆಸಿದಳು. ಖಂಡಪ್ಪ "ಏಳು..." ಎನ್ನುವಷ್ಟರಲ್ಲಿ ಸೂಜಿ ಹೋಗಿತ್ತು, "...ಕೋಟಿ" ಎನ್ನುವಷ್ಟರಲ್ಲಿ ಹೊರಗೆ ಬಂದಿತ್ತು.

ಮಾತು ನಿಂತ ಮೇಲೆ ಅವಳಿಗೆ ಭಯ ಶುರುವಾಯಿತು. ಬಾಯಿ ಮುಚ್ಚಿಕೊಂಡಿರುತ್ತೇನೆಂದು ತಲೆಯಾಡಿಸಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ತಿರುಪತಮ್ಮನವರು ಕನ್ನಡಕ ಏರಿಸಿದರು.

"ಚುಚ್ಚೋಕಿಂತ ಮೊದ್ಲ ರೋಗಿಗೆ ತಿಳಿಸಿ ಹೇಳಿ ಒಪ್ಪಿಗೆ ತಗೋಬೇಕು. ತಗೊಂಡಿಯೇನು?"

"ಇಬ್ಬರದೂ ತಗೊಂಡೀನ್ರಿ ಸಿಸ್ಟರ್."

ತಿರುಪತಮ್ಮನವರು ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿದ್ದದ್ದು ಎಲ್ಲರಿಗೂ ಕಂಡಿತು. ತಿರುಗಿ ನಿಂತಾಗ ಮುಖ ಮತ್ತೆ ಗಂಟು.

"ಮಖ್ತಲದವರಿಗೆ ಬರ್ತೀನಂತ ಹೇಳು ಹೋಗು. ಅಲ್ಲೂ ಬಿ.ಪಿ. ನೋಡುವಾಗ ಮಾತ್ರ ಬಾಯಿ ಮುಚ್ಚಿಕೊಂಡಿರು."

ರಜಿತಾ ಸುದ್ದಿ ಹೇಳಲು ಮೊದಲು ಕಣ್ಣಿಗೆ ಬಿದ್ದ ಕಿಷ್ಟಪ್ಪನ ಕಡೆ ಓಡಿದಳು.

ತಿರುಪತಮ್ಮನವರು ಅತ್ತಿತ್ತ ನೋಡಿ ಖಂಡಪ್ಪನ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಯಜಮಾನ್ರ, ದೇವರು ಇನ್ನೂ ಅದಾನೇನ್ರಿ? ನಾರಾಯಣಪೇಟೆಗೆ ನನ್ನ ಟ್ರಾನ್ಸ್‌ಫರ್ ಯಾವಾಗ ಆಗತೈತಿ ಅಂತ ಕೇಳಬೇಕಿತ್ತು."

"ಸೂಜಿ ಕಿತ್ತ ಕೂಡ್ಲೇ ಹೋದನವ್ವಾ," ಎಂದ ಖಂಡಪ್ಪ, ತೋಳು ತಿಕ್ಕಿಕೊಳ್ಳುತ್ತ.

ಮೈಲಮ್ಮ ಕಂಬಳಿ ಕೊಡವಿ ಗಂಡನ ಹೆಗಲಿಗೆ ಎಸೆದಳು.

"ಮುಂದಿನ ತಿಂಗಳು ಎರಡನೇ ಸೂಜಿ ಐತಂತಲ್ರಿ ಸಿಸ್ಟರಮ್ಮ, ಅವತ್ತ ಕೇಳ್ರಿ. ತಪ್ಪದ ಬರ್ತಾನ."