ಏಳು ಸೆಕೆಂಡಿನ ದನಿ

ತಮ್ಮನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಬಿಸಿ ತಾಗದ ಮೂಲೆಯಲ್ಲಿ ಅವಳ ಸರ್ವರ್ ಇತ್ತು. ಆ ಒಂದೇ ಯಂತ್ರದಲ್ಲಿ ನಲವತ್ತಮೂರು ವೆಬ್‌ಸೈಟುಗಳು ಸಂಸಾರ ಹೂಡಿದ್ದವು: ಹಲ್ಲಿನ ವೈದ್ಯರದ್ದು, ಎರಡು ಶಾಲೆಗಳದ್ದು, ಚದುರಂಗ ಸಂಘದ್ದು, ಹೀಗೆ. ಬೀದಿಯವರಿಗೆಲ್ಲ ಅವಳು ಸರ್ವರಕ್ಕ.

ಅಷ್ಟು ಜನರನ್ನು ಒಂದೇ ಸೂರಿನಡಿ ಬಾಳಿಸುವುದೆಂದರೆ ಒಬ್ಬರ ಗಲಾಟೆ ಇನ್ನೊಬ್ಬರಿಗೆ ತಾಗದಂತೆ ಕಾಯುವುದು. ಶಾಲೆಯ ಫಲಿತಾಂಶಕ್ಕೆ ಸಾವಿರ ಮಂದಿ ಮುಗಿಬಿದ್ದ ದಿನವೂ ಹಲ್ಲಿನ ವೈದ್ಯರ ಪುಟ ತೆರೆಯಬೇಕು. ಅದಕ್ಕೇ ಅವಳು ಪ್ರತಿಯೊಬ್ಬರಿಗೂ ಇಷ್ಟೇ ಜಾಗ ಎಂದು ಗೆರೆ ಎಳೆದಿದ್ದಳು.

ಗಡಿಯಾರ ರಿಪೇರಿಯ ಅಜ್ಜ ತಂದದ್ದು ಆ ಗೆರೆಯೊಳಗೆ ಹಿಡಿಸುವಂತಿರಲಿಲ್ಲ. ಗಂಟಲಿನ ಆಪರೇಷನ್ನಿಗೆ ಮುಂಚೆ ಅವರ ಹೆಂಡತಿ ಫೋನಿನಲ್ಲಿ ತಮ್ಮ ದನಿ ತುಂಬಿಸಿಟ್ಟಿದ್ದರು. ಪಾತ್ರೆ ತೊಳೆಯುತ್ತ, ಸೊಪ್ಪು ಬಿಡಿಸುತ್ತ, ಗಂಟೆಗಟ್ಟಲೆ ಆಡಿದ ಮಾತು. ಆಪರೇಷನ್ನಾದ ಮೇಲೆ ಅವರು ಮಾತಾಡಲಿಲ್ಲ. ಆರು ತಿಂಗಳಿಗೆ ಹೋಗಿಬಿಟ್ಟರು. ಮಕ್ಕಳಿರಲಿಲ್ಲ.

"ಅಂಗಡೀಲೂ ಮನೇಲೂ ಕೇಳೋ ಹಾಗೆ ಮಾಡಿಕೊಡು ತಾಯಿ," ಎಂದಿದ್ದರು ಅಜ್ಜ.

ಅಜ್ಜನಿಗೊಂದು ಪುಟ ಮಾಡಿ, ಆ ದಪ್ಪ ಫೈಲುಗಳು ಬೇರೆಯವರ ಜಾಗ ನುಂಗದಿರಲೆಂದು ಅವಳು ಅವನ್ನು ಪ್ರತ್ಯೇಕ ಫೋಲ್ಡರಿನಲ್ಲಿಟ್ಟಳು. "ಫೋನನ್ನ ನಂಬ್ಕೋಬೇಡಿ ಅಜ್ಜಾ. ಇಲ್ಲಿ ಎರಡೆರಡು ಡಿಸ್ಕ್ ಇದೆ, ಮೇಲೆ ಬ್ಯಾಕಪ್ಪೂ ಇದೆ," ಎಂದಳು. ಅವಳ ಮಾತು ನಂಬಿ ಅಜ್ಜ ಹೆಂಡತಿಯ ಫೋನನ್ನು ಪೂರ್ತಿ ಅಳಿಸಿ, ಫೋನಿಲ್ಲದ ನೆರೆಮನೆಯಾಕೆಗೆ ಕೊಟ್ಟರು.

ಬ್ಯಾಕಪ್ಪಿಗೆ ಆ ಹೊಸ ಫೋಲ್ಡರಿನ ದಾರಿ ತೋರಿಸುವುದನ್ನು ಅವಳು ಮರೆತಿದ್ದಳು.

ಹಾಗೆಂದು ಅವಳು ಅಸಡ್ಡೆಯವಳಲ್ಲ. ಪ್ರತಿ ಶುಕ್ರವಾರ ಬ್ಯಾಕಪ್ಪನ್ನು ಹಳೆಯ ಲ್ಯಾಪ್‌ಟಾಪಿಗೆ ಇಳಿಸಿ ನಲವತ್ತಮೂರನ್ನೂ ತೆರೆದು ನೋಡುತ್ತಿದ್ದಳು. ಅಜ್ಜನ ಪುಟವೂ ಅಚ್ಚುಕಟ್ಟಾಗಿ ತೆರೆಯುತ್ತಿತ್ತು: ಪ್ರತಿ ದನಿಗೊಂದು ಹೆಸರು, ಪಕ್ಕದಲ್ಲಿ ಅದರ ಉದ್ದ. ದನಿ ಕೇಳಿಸುವ ಗುಂಡಿಯನ್ನು ಮಾತ್ರ ಒಮ್ಮೆಯೂ ಒತ್ತಲಿಲ್ಲ. ಗಂಡಹೆಂಡಿರ ಮಾತಿಗೆ ಕಿವಿಗೊಡುವುದು ಅವಳಿಗೆ ಸರಿಕಾಣಲಿಲ್ಲ.

ಸೋಮವಾರ ಒಂದು ಡಿಸ್ಕ್ ಕೆಟ್ಟಿತು. ಹೊಸದನ್ನು ಹಾಕಿ, ಇನ್ನೊಂದರಿಂದ ಎಲ್ಲವನ್ನೂ ಅದಕ್ಕೆ ತುಂಬಿಸುತ್ತಿರುವಾಗಲೇ ಆ ಇನ್ನೊಂದೂ ಕೈಕೊಟ್ಟಿತು. ಎರಡನ್ನೂ ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತಂದಿದ್ದಳು. ಬಿಚ್ಚಿ ನೋಡಿದ ರಿಪೇರಿಯವನು, "ಎರಡರ ಒಳಗೂ ಗೀರು ಬಿದ್ದಿದೆ, ಏನೂ ಸಿಗಲ್ಲ," ಎಂದು ಕೈಚೆಲ್ಲಿದ. ಅವಳು ಧೈರ್ಯಗೆಡಲಿಲ್ಲ. ಬ್ಯಾಕಪ್ ಇಳಿಸುತ್ತ ಕೂತಳು. ತಮ್ಮ ಆಗಾಗ ಬಂದು ಚಹಾ ಇಟ್ಟು, ತಣ್ಣಗಾದ ಲೋಟವನ್ನು ಒಯ್ಯುತ್ತಿದ್ದ. ಬುಧವಾರ ಸಂಜೆಗೆ ನಲವತ್ತಮೂರೂ ಎದ್ದು ನಿಂತವು.

"ಸತ್ತವರನ್ನೂ ಎಬ್ಬಿಸ್ತೀಯಲ್ಲೇ ಅಕ್ಕಾ!" ಎಂದ ತಮ್ಮ. ಅವಳು ನಕ್ಕಳು.

ಗುರುವಾರ ಬೆಳಿಗ್ಗೆ, ಯಾರು ಯಾವ ಪುಟ ಕೇಳಿದರು ಎಂದು ಸರ್ವರ್ ಬರೆದಿಟ್ಟ ಸಾಲುಗಳ ಮೇಲೆ ಕಣ್ಣಾಡಿಸುವಾಗ ನಗು ಅಲ್ಲೇ ಸತ್ತಿತು. ಅಜ್ಜನ ಪುಟದಲ್ಲಿ ಯಾರೋ ಒಂದೇ ದನಿಯನ್ನು ನಲವತ್ತು ಸಲ ಒತ್ತಿದ್ದರು. ನಲವತ್ತು ಸಲವೂ ಯಂತ್ರ ಕೊಟ್ಟ ಉತ್ತರ ಒಂದೇ: ಇಲ್ಲ. ಅವಳೂ ಒತ್ತಿದಳು, ಮೊದಲ ಬಾರಿಗೆ. ಸದ್ದಿಲ್ಲ.

"ಫೋನ್ ಮಾಡಿ ಏನೋ ತೊಂದರೆ, ಸರಿ ಮಾಡ್ತಿದೀವಿ ಅಂದ್ಬಿಡೇ," ಎಂದ ತಮ್ಮ.

"ಎಷ್ಟು ದಿನ ಅಂತ ಸರಿ ಮಾಡ್ಲಿ?" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಗಡಿಯಾರದ ಹೊಟ್ಟೆ ಬಗೆದು ಕೂತಿದ್ದರು. ಅವಳು ನಿಂತೇ ಎಲ್ಲ ಹೇಳಿದಳು. ತನ್ನ ತಪ್ಪನ್ನು ಯಂತ್ರದ ಮೇಲೆ ಹಾಕಲಿಲ್ಲ. ಅವರು ಕನ್ನಡಿ ತೆಗೆದು ಒರೆಸಿದರು.

"ಉಳಿದವರದ್ದೆಲ್ಲ ಬಂತಾ?"

"ಬಂತು ಅಜ್ಜಾ."

"ಶಾಲೆ ಮಕ್ಕಳದ್ದು?"

"ಅದೂ ಬಂತು."

"ಒಳ್ಳೇದಾಯ್ತು." ಸ್ಟೂಲಿನ ಮೇಲಿದ್ದ ಬಿಡಿಭಾಗಗಳ ಡಬ್ಬಿಯನ್ನು ಎತ್ತಿ ನೆಲಕ್ಕಿಟ್ಟು, ಸ್ಟೂಲನ್ನು ಅವಳ ಕಡೆ ಸರಿಸಿದರು. "ಕೂತ್ಕೊ. ಮೂರು ದಿನದಿಂದ ಊಟ ಮಾಡಿದ ಹಾಗೆ ಕಾಣಲ್ಲ." ಆಮೇಲೆ, ಏನೋ ಆಸೆ ಹುಟ್ಟಿದವರಂತೆ ಮುಂದಕ್ಕೆ ಬಾಗಿದರು. "ನೀನು ಕೇಳಿದೀಯಲ್ಲ, ಹೇಳು. 'ಏಳ್ರೀ' ಅಂತ ಕರೀತಾಳಲ್ಲ, ಕೊನೇಲಿ ಸ್ವಲ್ಪ ಎಳೀತಿದ್ಳು, ಅಲ್ವಾ? ನಿನ್ನೆಯಿಂದ ನೆನಪು ಮಾಡ್ಕೋತಿದೀನಿ, ಸಿಗ್ತಾ ಇಲ್ಲ."

"ನಾನು ಕೇಳೇ ಇಲ್ಲ ಅಜ್ಜಾ."

"ಒಂದ್ಸಲಾನೂ?"

"ನಿಮ್ಮಿಬ್ಬರ ಮಾತು ಅಂತ..."

ಅಜ್ಜ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. "ನಿನ್ನನ್ನ ಒಳ್ಳೆಯವರು ಬೆಳೆಸಿದಾರೆ," ಎಂದರು ಅಷ್ಟೆ.

ಅವಳು ಏಳುವಾಗ, "ಪುಟ ತೆಗೀಬೇಡ, ಇರ್ಲಿ," ಎಂದರು. "ಆ 'ಏಳ್ರೀ' ಏಳು ಸೆಕೆಂಡಿಂದು. ಕರೆಯೋಕೆ ಎರಡು, ಉಳಿದದ್ದು ಕೆಮ್ಮು. ಒತ್ತಿ ಎಣಿಸ್ತೀನಿ."

ಶುಕ್ರವಾರ ಅವಳು ಎಂದಿನಂತೆ ಬ್ಯಾಕಪ್ ಇಳಿಸಿದಳು. ನಲವತ್ತೆರಡನ್ನು ನೋಡಿ ಮುಗಿಸಿ ಅಜ್ಜನ ಪುಟ ತೆರೆದಳು. 'ಏಳ್ರೀ'ಯ ಗುಂಡಿ ಒತ್ತಿ, ಗೋಡೆ ಗಡಿಯಾರದ ಮುಳ್ಳು ನೋಡುತ್ತ ಏಳು ಸೆಕೆಂಡು ಕೂತಳು. ಮುಂದಿನ ಕೋಣೆಯಲ್ಲಿ ತಮ್ಮ ಅಷ್ಟು ಹೊತ್ತೂ ಹೊಲಿಗೆ ಯಂತ್ರ ನಿಲ್ಲಿಸಿದ್ದ.