ದೊಡ್ಡಮ್ಮನ ಕೆಳ ಅಂತಸ್ತು

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಮುದಿ ಹಡಗನ್ನು ಬಣ್ಣದ ಮೇಸ್ತ್ರಿ ಹೆತ್ತಿರಲಿಲ್ಲ, ನಿಜ. ಆದರೆ ಮುದ್ದಿಗೇನೂ ಕೊರತೆಯಿರಲಿಲ್ಲ. ಅದು ಮೊದಲ ಸಲ ಬಂದರಿಗೆ ಬಂದದ್ದನ್ನು ಅವನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ. ಮೀಸೆ ಚಿಗುರುವ ಹೊತ್ತಿಗೆ ಅದರಲ್ಲೇ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದ. ಪ್ರವಾಸಿಗಳನ್ನು ಹೊತ್ತು ಅದು ಸುತ್ತಿದ ಸಮುದ್ರಗಳನ್ನೆಲ್ಲ ತಾನೂ ಸುತ್ತಿದ. ಹಡಗಿಗೆ ವಯಸ್ಸಾಗಿ, ಅದನ್ನು ದಡಕ್ಕೆ ಕಟ್ಟಿ ಹೋಟೆಲ್ ಮಾಡಿದಾಗ ಜೊತೆಯವರೆಲ್ಲ ಬೇರೆ ಹಡಗು ಹಿಡಿದರು, ಇವನೊಬ್ಬ ಉಳಿದ. ಅದನ್ನು ಅವನು ಕರೆಯುತ್ತಿದ್ದದ್ದೇ ದೊಡ್ಡಮ್ಮ ಎಂದು.

"ನಿಮಗೆ ದೊಡ್ಡಮ್ಮ, ನನಗೆ ಸವತಿ. ಇದ್ಯಾವ ಸೀಮೆ ನೆಂಟಸ್ತನಾನೋ!" ಎಂದು ಹೆಂಡತಿ ರೇಗಿಸುತ್ತಿದ್ದಳು. ಅವಳ ಹೊಟ್ಟೆಯುರಿಗೂ ಕಾರಣವಿತ್ತು. ಮೇಸ್ತ್ರಿಯ ಸ್ವಂತ ಮನೆಯ ಗೋಡೆ ಸುಣ್ಣಬಣ್ಣ ಕಂಡು ಎಷ್ಟೋ ವರ್ಷವಾಗಿತ್ತು.

ಇಂಥ ಪ್ರೀತಿಯೇ ನೋಡಿ ಮನುಷ್ಯನನ್ನು ಕೆಡಿಸುವುದು. ಚಳಿಗಾಲದ ಒಂದು ದಿನ ಅವನು ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ತುಕ್ಕು ಕೆರೆಯುತ್ತಿದ್ದಾಗ ಸುತ್ತಿಗೆಯ ಮೊನೆ ಉಕ್ಕಿನ ತಗಡಿನೊಳಕ್ಕೆ ಇಳಿದುಬಿಟ್ಟಿತು. ಎಳೆದರೆ ಹಿಂದೆಯೇ ನೀರು. ಓಡಿಹೋಗಿ ಹೇಳಬೇಕಿತ್ತು. ಆದರೆ ತಳ ರಿಪೇರಿಗೆ ಬಂದ ದಿನವೇ ಹಡಗನ್ನು ಗುಜರಿಗೆ ಹಾಕುತ್ತೇನೆಂದು ಮಾಲೀಕ ಎಲ್ಲರೆದುರಿಗೇ ಸಾರಿಬಿಟ್ಟಿದ್ದ. ದೊಡ್ಡಮ್ಮನನ್ನು ತುಂಡು ತುಂಡಾಗಿ ಕತ್ತರಿಸುವುದನ್ನು ಮೇಸ್ತ್ರಿಗೆ ನೆನೆಯಲೂ ಆಗಲಿಲ್ಲ. ತೂತಿನ ಸುತ್ತ ಹಲಗೆ ಕೊಟ್ಟು, ಸಿಮೆಂಟ್ ಮೆತ್ತಿ, ಮೇಲೆ ಒಳ್ಳೆ ಬಿಳಿ ಬಣ್ಣ ಬಳಿದ. ಮೇಲೆ ಥಳುಕು, ಒಳಗೆ ಹುಳುಕು. ಆಮೇಲೆ ಪಕ್ಕದಲ್ಲಿ ಇನ್ನೊಂದು ಕಡೆ ಒಸರಿತು, ಅಲ್ಲೂ ಮೆತ್ತಿದ. ಕೆಳಗೆ ಯಾರೂ ಇರುವುದಿಲ್ಲವಲ್ಲ, ಯಾರಿಗೇನು ನಷ್ಟ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೇಸಿಗೆಗೆ ಹೋಟೆಲ್ ತುಂಬಿ ತುಳುಕಿತು. ಅಡುಗೆಮನೆಯವರು ಮಲಗುತ್ತಿದ್ದ ಕೋಣೆಗಳನ್ನೂ ಅತಿಥಿಗಳಿಗೆ ಕೊಟ್ಟು, ಅವರನ್ನು ಕೆಳ ಅಂತಸ್ತಿಗೆ ಕಳಿಸುವುದೆಂದಾಯಿತು.

"ಮೇಸ್ತ್ರಿ, ಕೆಳಗೆ ತೊಂದ್ರೆ ಏನೂ ಇಲ್ವಲ್ಲ?" ಎಂದು ಮ್ಯಾನೇಜರ್ ಕೇಳಿದ.

"ಗಟ್ಟಿಯಾಗಿದೆ ಸಾರ್," ಎಂದುಬಿಟ್ಟ ಮೇಸ್ತ್ರಿ. ಮಾತು ಆಡಿದರೆ ಹೋಯಿತು.

ಹಾಗೆ ಕೆಳಗೆ ಮಲಗಲು ಹೋದವರಲ್ಲಿ ಅವನ ಅಳಿಯನೂ ಒಬ್ಬ. ಹಡಗಿನ ಅಡುಗೆಮನೆಯಲ್ಲಿ ಬ್ರೆಡ್ಡು ಸುಡುವ ಕೆಲಸ, ಕೊಡಿಸಿದವನು ಮೇಸ್ತ್ರಿಯೇ. ರಜೆಯಲ್ಲಿ ಮನೆಗೆ ಬಂದವನು ಊಟದ ಹೊತ್ತಿಗೆ ಹೇಳಿದ: "ಮಾವ, ದಿಂಬಿಗೆ ತಲೆ ಕೊಟ್ರೆ ಸಾಕು, ನೀರು ಕಿವಿಯೊಳಗೇ ಬಂದ್ಹಾಗೆ ಸದ್ದು."

"ಹಡಗಲ್ಲಿ ನೀರಿನ ಸದ್ದು ಕೇಳದೆ ರೈಲಿನ ಸದ್ದು ಕೇಳುತ್ತಾ?" ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ಅಳಿಯ, ಪಾಪ, ಎಲ್ಲರಿಗಿಂತ ಜೋರಾಗಿ ನಕ್ಕ. ಮೇಸ್ತ್ರಿ ಮಾತ್ರ ಅರ್ಧ ಊಟಕ್ಕೇ ಕೈ ತೊಳೆದುಕೊಂಡ. ಅಂದಿನಿಂದ ಬೆಳಗಾಗುತ್ತಲೇ ಕೆಳಗಿಳಿದು ಮೆತ್ತಿದ್ದನ್ನೆಲ್ಲ ಮುಟ್ಟಿ ಮುಟ್ಟಿ ನೋಡುವುದೇ ಅವನ ಕೆಲಸವಾಯಿತು. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಿತ್ತು ಅವನ ಬಾಳು. ಆದರೂ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಮಗಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಕುಣಿಯುತ್ತಾ ಬಂದಳು. "ಅಪ್ಪಾ, ಸಂಸಾರಸ್ಥರಿಗೆ ಕೆಳಗಡೇನೇ ದೊಡ್ಡ ಕೋಣೆ ಕೊಡ್ತಾರಂತೆ! ನಾಳೇನೇ ನಾವೂ ಹೋಗ್ತೀವಿ. ಮೊಮ್ಮಗಳೂ ನಿನ್ನ ದೊಡ್ಡಮ್ಮನ ಮಡಿಲಲ್ಲೇ ಬೆಳೀಲಿ ಬಿಡು."

ಮೇಸ್ತ್ರಿ ಚಪ್ಪಲಿ ಕೂಡ ಮೆಟ್ಟದೆ ಹೊರಟ. "ಎಲ್ಲಿಗ್ರೀ, ಬಿಸಿಲಲ್ಲಿ?" ಎಂದು ಹೆಂಡತಿ ಕೂಗಿದ್ದೂ ಕೇಳಿಸಲಿಲ್ಲ.

ಮ್ಯಾನೇಜರ್ ಮೊದಲು ನಂಬಲೇ ಇಲ್ಲ. "ಗಟ್ಟಿಯಾಗಿದೆ ಅಂದೋರು ನೀವೇ ಅಲ್ವಾ?" ಎಂದ. ಮೇಸ್ತ್ರಿ ಅವನನ್ನು ಕೆಳಗೆ ಕರೆದೊಯ್ದು, ತಾನೇ ಮೆತ್ತಿದ ಸಿಮೆಂಟನ್ನು ತಾನೇ ಒಡೆದ. ಚಿಮ್ಮಿದ ನೀರು ಮ್ಯಾನೇಜರನ ಪ್ಯಾಂಟನ್ನು ಮೊಣಕಾಲಿನವರೆಗೂ ನೆನೆಸಿತು. ಮುಂದೆ ಕೇಳುವುದಿನ್ನೇನು? ಸಂಜೆಯೊಳಗೆ ಅತಿಥಿಗಳನ್ನೆಲ್ಲ ಇಳಿಸಿದರು. ಗುಜರಿಯವರಿಗೆ ಹೇಳಿ ಕಳಿಸಿ ಎಂದು ಮಾಲೀಕ ಫೋನಿನಲ್ಲೇ ಅಪ್ಪಣೆ ಕೊಟ್ಟ. ದಡದಲ್ಲಿ ನಿಂತು ದೊಡ್ಡಮ್ಮನನ್ನು ನೋಡುತ್ತಾ ಮೇಸ್ತ್ರಿ ಮಕ್ಕಳ ಹಾಗೆ ಅತ್ತ. ಆದರೂ ಎಷ್ಟೋ ತಿಂಗಳ ಮೇಲೆ ಎದೆ ಹಗುರಾದಂತಿತ್ತು.

ಮಗಳು ಓಡೋಡಿ ಬಂದು ಅವನ ತೋಳು ಹಿಡಿದಳು. "ಅಳಬೇಡಪ್ಪ. ಸದ್ಯ, ನಾವು ಹೋಗೋಕೆ ಮುಂಚೆ ಗೊತ್ತಾಯ್ತಲ್ಲ, ಅಷ್ಟು ಸಾಕು. ಯಾವಾಗ ನೋಡಿದೆ? ಇವತ್ತಾ?"

ಒಂದು ಸುಳ್ಳು ಸಾಕಿತ್ತು. ಅದೊಂದು ಸುಳ್ಳು ಮಾತ್ರ ಅವನ ನಾಲಿಗೆಗೆ ಬರಲಿಲ್ಲ.

"ಚಳಿಗಾಲದಲ್ಲಿ," ಎಂದ.

ತೋಳಿನ ಮೇಲಿದ್ದ ಕೈ ನಿಧಾನವಾಗಿ ಜಾರಿತು. "ಅಂದ್ರೆ ನಮ್ಮನೆಯವ್ರನ್ನ ಕೆಳಗೆ ಕಳಿಸಿದಾಗ್ಲೇ ಗೊತ್ತಿತ್ತು."

"ದಿನಾ ಹೋಗಿ ನೋಡ್ತಿದ್ದೆ ಮಗಳೇ. ದಿನಾ..."

"ಇಷ್ಟು ದಿನ ಬರದ ಮಾತು, ನಾನು ಮಗೂನ ಕರ್ಕೊಂಡು ಹೋಗ್ತೀನಿ ಅಂದ ತಕ್ಷಣ ಬಂತಾ? ಅವ್ರು ಯಾರೋ ಹೆತ್ತ ಮಗ, ಅಲ್ವಾ ಅಪ್ಪಾ?"

ಮೇಸ್ತ್ರಿ ತಲೆ ತಗ್ಗಿಸಿದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಈ ತನಕ ತನಗೇ ತಿಳಿದಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಅಡುಗೆಮನೆಯವರು ಗಂಟುಮೂಟೆ ಹೊತ್ತು ಇಳಿಯತೊಡಗಿದ್ದರು. ಎಲ್ಲರಿಗಿಂತ ಮುಂದೆ ಅಳಿಯ, ಹೆಗಲ ಮೇಲೆ ಸುತ್ತಿದ ಹಾಸಿಗೆ. ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಮೇಸ್ತ್ರಿ ಹಾಸಿಗೆಗೆ ಕೈ ಕೊಡಲು ಹೋದ. ಅಳಿಯ ಅದನ್ನು ಆಚೆ ಹೆಗಲಿಗೆ ಬದಲಾಯಿಸಿಕೊಂಡ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಪರವಾಗಿಲ್ಲ ಮೇಸ್ತ್ರಿ," ಎಂದ. "ಹಿಂದೆ ಜನ ಬರ್ತಿದ್ದಾರೆ, ಸ್ವಲ್ಪ ದಾರಿ ಬಿಡಿ."

ಮೇಸ್ತ್ರಿ ಪಕ್ಕಕ್ಕೆ ಸರಿದು ನಿಂತ.