ಟೊಳ್ಳು ಸದ್ದಿನ ಫರಸಿ

“ತಲಿಯಾಗ ಕಲ್ಲು ತುಂಬಿದ್ರ ಕೈಗೂ ಕಲ್ಲೇ ಬರ್ತದ. ನೋಡಿ ಕಲೀರಿ.”

ಸಂಗಯ್ಯ ಮಾಸ್ತರರು ಹೀಗೆ ಹೇಳಿ, ವರಾಂಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಲ್ಲು ಹಾಸುತ್ತಿದ್ದ ಗೌಂಡಿಯ ಕಡೆ ಬೆತ್ತ ಚಾಚಿದರು. ಆರನೇ ತರಗತಿಯ ಮೂವತ್ತೆರಡು ಮಕ್ಕಳು ಕಿಟಕಿಯ ಸರಳು ಹಿಡಿದು ನಕ್ಕವು. ಗೌಂಡಿಯ ಹೆಸರು ಭೀಮಶಾ, ವಯಸ್ಸು ಇಪ್ಪತ್ತೆರಡು. ಅದೇ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತು, ಅದೇ ಮಾಸ್ತರರ ಇಂಗ್ಲಿಷ್ ಪಾಠದ ನಡುವೆ ಎದ್ದು ಹೋದವನು ಮತ್ತೆ ಆ ಗೇಟು ದಾಟಿರಲಿಲ್ಲ. ಈಗ ಬಂದಿದ್ದ, ನೆಲ ಹಾಸಲು. ಅವನ ಕೈಯಲ್ಲಿದ್ದ ಮರದ ಸುತ್ತಿಗೆ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಕೆಳಗೆ ಬಂತು. ಕಲ್ಲಿನ ಮೇಲಲ್ಲ, ಅವನ ಹೆಬ್ಬೆರಳ ಮೇಲೆ.

ಗೋಡೆಗೆ ಒರಗಿ ನಿಂತು ಇದನ್ನೆಲ್ಲ ನೋಡಿದವನು ನಾನು. ನಾನು ಒಂದು ಶಹಾಬಾದಿ ಕಲ್ಲು. ಎರಡಡಿ ಉದ್ದ, ಎರಡಡಿ ಅಗಲ, ಒಂದೂವರೆ ಇಂಚು ದಪ್ಪ. ಬಣ್ಣ ಬೂದಿ. ನೆಲಕ್ಕೆ ಹಾಸುವ ನಮ್ಮನ್ನು ನಮ್ಮ ಕಡೆ ಫರಸಿ ಅನ್ನುತ್ತಾರೆ. ಆ ಮಾತು ಭೀಮಶಾನಿಗೆ ಬೈದದ್ದೋ ನನಗೆ ಬೈದದ್ದೋ ನನಗೆ ತಿಳಿಯಲಿಲ್ಲ. ಕಲ್ಲು ಅನ್ನುವುದು ಬೈಗುಳ ಯಾವಾಗಿನಿಂದ ಆಯಿತು? ಮಾಸ್ತರರು ಮನೆಯಲ್ಲಿ ಉಂಡದ್ದು, ಶಾಲೆಯಲ್ಲಿ ನಿಂತದ್ದು ಎಲ್ಲಾ ನಮ್ಮ ಬೆನ್ನ ಮೇಲೆಯೇ. ಕೆಳಗಿರುವವರನ್ನು ಬೈಯುವುದು ಸುಲಭ. ಅವರು ಎದ್ದು ನಿಲ್ಲುವುದಿಲ್ಲವಲ್ಲ.

ಇರಲಿ. ನನ್ನ ಹುಟ್ಟು ಹೇಳುತ್ತೇನೆ. ಖಣಿಯ ನೆಲದೊಳಗೆ ನಾವು ಅಣ್ಣತಮ್ಮಂದಿರು, ಪೇರಿಸಿಟ್ಟ ಜೋಳದ ರೊಟ್ಟಿಯ ಹಾಗೆ, ಒಬ್ಬರ ಮೇಲೊಬ್ಬರು ಮಲಗಿರುತ್ತೇವೆ. ಸಂದಿಗೆ ಹಾರೆ ಕೊಟ್ಟು ಮೀಟಿದರೆ ಒಬ್ಬೊಬ್ಬರಾಗಿ ಮೇಲೆ ಬರುತ್ತೇವೆ. ನನ್ನನ್ನು ಮೀಟಿದ ಹಾರೆ ಭೀಮಶಾನ ಅಪ್ಪ ಲಾಲಪ್ಪನದು. ನಾನು ಕಂಡ ಮೊದಲ ಮನುಷ್ಯ ಅವನು, ಕೇಳಿದ ಮೊದಲ ಸದ್ದು ಅವನ ಕೆಮ್ಮು. ಮೂರು ಸಲ ಮೀಟುತ್ತಿದ್ದ, ನಾಲ್ಕು ಸಲ ಕೆಮ್ಮುತ್ತಿದ್ದ. ಕಲ್ಲಿನ ಪುಡಿ ಅವನ ಎದೆಯೊಳಗೆ ಹೋಗಿ ಕೂತಿತ್ತು. ಅದರಲ್ಲಿ ನಮ್ಮ ಮನೆತನದ ಪಾಲೂ ಇದೆ. ಅದನ್ನು ನಾನು ಮುಚ್ಚಿಡುವುದಿಲ್ಲ.

ಖಣಿಯಿಂದ ನನ್ನನ್ನು ಪಾಲಿಶ್ ಅಂಗಳಕ್ಕೆ ತಂದರು. ಗರಗಸದ ಯಂತ್ರ ನಾಲ್ಕೂ ಬದಿ ಕೊಯ್ದಿತು. ಭೀಮಶಾ ಅಲ್ಲೇ ಕೆಲಸಕ್ಕಿದ್ದ. ಮೂಗಿಗೆ ಅಪ್ಪನ ಹಳೇ ಟವೆಲು ಕಟ್ಟಿಕೊಂಡು, ನೀರು ಹಾಕಿ ಹಾಕಿ ನನ್ನ ಮುಖ ತಿಕ್ಕಿದ. ಬೆನ್ನು ಮಾತ್ರ ಒರಟಾಗಿಯೇ ಉಳಿಯಿತು. ಫರಸಿಯ ಬೆನ್ನು ಯಾರು ನೋಡುತ್ತಾರೆ? ನಾನು ಆ ಅಂಗಳದಲ್ಲಿ ಗಿರಾಕಿಗಾಗಿ ಕಾಯುತ್ತಾ ಬಿದ್ದಿದ್ದಾಗಲೇ ಲಾಲಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ಮರುದಿನ ಭೀಮಶಾ ಕೆಲಸಕ್ಕೆ ಬಂದು ಜತೆಯವನಿಗೆ ಒಂದೇ ಮಾತು ಹೇಳಿದ. ಹತ್ತನೆಯ ತರಗತಿ ಪಾಸಾದರೆ ಕ್ರೇನ್ ಓಡಿಸುವ ತರಬೇತಿಗೆ ತೆಗೆದುಕೊಳ್ಳುತ್ತಾರಂತೆ. ಕ್ರೇನಿನ ಸೀಟು ಧೂಳಿಗಿಂತ ಎತ್ತರದಲ್ಲಿ ಇರುತ್ತದೆ.

ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ. ಎರಡು ಸಲ ಬರೆದ. ಬೇರೆಲ್ಲ ಪಾಸಾಯಿತು, ಇಂಗ್ಲಿಷ್ ಎರಡು ಸಲವೂ ಫೇಲಾಯಿತು. ಮೂರನೆಯ ಸಲಕ್ಕೆ ಎರಡು ತಿಂಗಳಿದ್ದಾಗ ಕಂತ್ರಾಟುದಾರನೊಬ್ಬ ನಮ್ಮನ್ನು ಟ್ರ್ಯಾಕ್ಟರಿಗೆ ಹೇರಿಸಿ, ಹಾಸುವ ಕೆಲಸವೂ ಬಲ್ಲ ಭೀಮಶಾನನ್ನೂ ಹತ್ತಿಸಿ, ಈ ಶಾಲೆಗೆ ಕಳಿಸಿದ. ಬಂದ ದಿನವೇ ಆ ಮಾತು ಬಿತ್ತು.

ಸಂಗಯ್ಯ ಮಾಸ್ತರರು ಆಗ ಮುಖ್ಯಗುರುಗಳಾಗಿದ್ದರು. ಅವರ ಇಂಗ್ಲಿಷ್ ಪಾಠ ಗೋಡೆಯಾಚೆಯಿಂದ ನನಗೂ ಕೇಳುತ್ತಿತ್ತು. ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಅಂತ ಅವರು ಅನ್ನಬೇಕು, ಮಕ್ಕಳು ಅನ್ನಬೇಕು, ಹತ್ತು ಸಲ. ಹನ್ನೊಂದನೆಯ ಸಲ ಎಬ್ಬಿಸಿ ಕೇಳಿದರೆ ಒಬ್ಬರಿಗೂ ಬರುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಕಚೇರಿ ಕೆಲಸ ಹೆಚ್ಚಾಯಿತೆಂದು ಅವರು ಆರನೆಯ ತರಗತಿಯನ್ನು ಹೊಸದಾಗಿ ಬಂದ ನಸೀಮಾ ಟೀಚರಿಗೆ ಒಪ್ಪಿಸಿದರು.

ಈ ನಸೀಮಾ ಟೀಚರು ಗಿಡ್ಡ, ಮಾತು ಕಡಿಮೆ, ಪರ್ಸಿನ ತುಂಬ ಬಣ್ಣದ ಸೀಮೆಸುಣ್ಣ. ಭೀಮಶಾ ಹಾಸಿ ಗಟ್ಟಿಯಾಗಿದ್ದ ಮೊದಲ ಸಾಲುಗಳನ್ನು ನೋಡಿದರು, ಒಳಗೆ ಕತ್ತಲೆ ಎಂದು ಹೇಳಿ ಮಕ್ಕಳನ್ನು ವರಾಂಡಕ್ಕೆ ಕರೆತಂದರು. ಒಂದು ಫರಸಿಗೆ ಇಂಗ್ಲಿಷ್ ವಾಕ್ಯದ ಒಂದು ಮಾತು. ಮಾಡುವವರ ಫರಸಿಗೆ ಕೆಂಪು ಗೆರೆ, ಮಾಡುವ ಕೆಲಸಕ್ಕೆ ಹಸಿರು, ಏನನ್ನು ಮಾಡಿದರೋ ಅದಕ್ಕೆ ಹಳದಿ. ಮಕ್ಕಳ ಕೊರಳಿಗೆ ಒಂದೊಂದು ಮಾತಿನ ರಟ್ಟು. ತಮ್ಮ ತಮ್ಮ ಫರಸಿಯ ಮೇಲೆ ನಿಂತು, ಎಡದಿಂದ ಬಲಕ್ಕೆ ಕೂಗಬೇಕು. ‘ತಂಗೆಮ್ಮ ಈಟ್ಸ್ ರೊಟ್ಟಿ.’ ಇಲ್ಲ ಅನ್ನಬೇಕಾದರೆ ಡಸ್, ನಾಟ್ ಎಂಬ ಇಬ್ಬರು ಮಕ್ಕಳು ಬಂದು ನಡುವೆ ನುಗ್ಗಬೇಕು, ಉಳಿದವರು ಜಾಗ ಕೊಡಬೇಕು. ಪ್ರಶ್ನೆ ಕೇಳಬೇಕಾದರೆ ಡಸ್ ಓಡಿಹೋಗಿ ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಎ, ದಿ ಎಂಬ ಸಣ್ಣ ಮಾತಾಗಲು ಯಾರೂ ಒಪ್ಪಲಿಲ್ಲ. ಟೀಚರು ತರಗತಿಯ ಎಲ್ಲರಿಗಿಂತ ಎತ್ತರದ ಹುಡುಗನ ಕೊರಳಿಗೇ ಅದನ್ನು ಹಾಕಿದರು. ಮರುದಿನದಿಂದ ಆ ರಟ್ಟಿಗೇ ಜಗಳ.

ಭೀಮಶಾ ವರಾಂಡದ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತು ಫರಸಿ ಹಾಸುತ್ತಿದ್ದ. ದಿನಕ್ಕೆ ನಲವತ್ತು ಹಾಸುವ ಗೌಂಡಿ ಅವನು. ಆ ವಾರ ಅದು ಹದಿನೈದಾಯಿತು. ಮುಂದಿನ ವಾರ ಆರು. ಒಂದೇ ಫರಸಿಯನ್ನು ಇಡುವುದು, ದಾರ ಹಿಡಿದು ನೋಡುವುದು, ತೆಗೆಯುವುದು, ಮತ್ತೆ ಇಡುವುದು. ಕಂತ್ರಾಟುದಾರ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಅಂಚು ಕೂಡುತ್ತಿಲ್ಲ, ಕಲ್ಲು ಸರಿ ಇಲ್ಲ ಅಂದ ಭೀಮಶಾ. ನಮ್ಮ ಮೇಲೆಯೇ ಹಾಕಿದ. ನನಗೆ ಸಿಟ್ಟು ಬರಲಿಲ್ಲ. ಅವನ ತುಟಿ ಮಕ್ಕಳ ಜತೆಗೇ ಅಲ್ಲಾಡುತ್ತಿದ್ದುದು ನಮಗೆ ಕಾಣುತ್ತಿತ್ತು.

ಆಮೇಲೆ ಒಂದು ಹೊಸ ಚಾಳಿ ಹಿಡಿಯಿತು. ಅಳತೆ ಗುರುತು ಹಾಕುವ ಕೆಂಪು ಪೆನ್ಸಿಲು ಅವನ ಕಿವಿಯ ಹಿಂದೆ ಇರುತ್ತಿತ್ತು. ಫರಸಿಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಆ ದಿನ ಕೇಳಿದ್ದನ್ನು ಬರೆಯುತ್ತಿದ್ದ. ಬರೆದದ್ದು ಮಣ್ಣಿನ ಕಡೆ, ನುಣುಪು ಮುಖ ಜನರ ಕಡೆ. ನಗಲು ಯಾರಿಗೂ ಏನೂ ಸಿಗುವುದಿಲ್ಲ. ನನ್ನ ಸರದಿ ಬಂದ ದಿನ ಐದು ಸಾಲು ಬರೆದ. ಐದನೆಯದನ್ನು ಬರೆಯುವ ಮುಂಚೆ ಪೆನ್ಸಿಲಿನ ಮೊನೆಯನ್ನು ನನ್ನ ಅಂಚಿಗೆ ತಿಕ್ಕಿ ಚೂಪು ಮಾಡಿಕೊಂಡ. ಆಮೇಲೆ ಕರಣೆಯ ತುಂಬ ಸಿಮೆಂಟು ತೆಗೆದ. ನನ್ನ ಬೆನ್ನು ನೋಡಿದ. ಸಿಮೆಂಟನ್ನು ಮತ್ತೆ ಬಾಣಲೆಗೆ ಹಾಕಿದ.

ಗೌಂಡಿಯಾದವನು ಮಾಡಬಾರದ ತಪ್ಪು ಅದು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು, ನಡುವೆ ಏನೂ ತುಂಬದೆ, ನನ್ನನ್ನು ಮೆಲ್ಲಗೆ ಕೂರಿಸಿಬಿಟ್ಟ. ನನ್ನೊಬ್ಬನನ್ನಲ್ಲ, ಬರೆದ ಹನ್ನೊಂದು ಜನರನ್ನೂ ಹಾಗೆಯೇ.

ಒಳಗೆ ಟೊಳ್ಳಿಟ್ಟುಕೊಂಡು ಮೇಲೆ ಗಟ್ಟಿ ಮುಖ ಮಾಡಿಕೊಂಡಿರುವುದು ಎಂಥ ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಮೂರು ದಿನ ಬಿಟ್ಟು ಮಕ್ಕಳು ಮೇಲೆ ಬಂದವು. ತಂಗೆಮ್ಮ ಎಂಬ ಹುಡುಗಿ ನನ್ನ ಮೇಲೆ ಜಿಗಿದಳು. ಡುಬ್ ಎಂದೆ. ಮಕ್ಕಳಿಗೆ ಖುಷಿಯೋ ಖುಷಿ. ಕೆಲಸದ ಮಾತು ಇದರ ಮೇಲೆಯೇ ನಿಲ್ಲಲಿ, ಸದ್ದು ಮಾಡುತ್ತದೆ ಎಂದು ಹಟ ಹಿಡಿದವು. ಟೀಚರು ನಕ್ಕು ನನ್ನ ಸುತ್ತ ಹಸಿರು ಗೆರೆ ಎಳೆದರು. ಅಂದಿನಿಂದ ಈಟ್ಸ್ ಅಂದರೆ ಡುಬ್, ರನ್ಸ್ ಅಂದರೆ ಡುಬ್, ಸ್ಲೀಪ್ಸ್ ಅಂದರೂ ಡುಬ್. ಆ ಸದ್ದಿಗೆ ಭೀಮಶಾನ ಹೆಗಲು ಪ್ರತಿ ಸಲ ಬೆಚ್ಚುತ್ತಿತ್ತು. ಪರೀಕ್ಷೆಗೆ ಇನ್ನು ಹದಿನೈದು ದಿನ ಉಳಿದಿತ್ತು. ಅಷ್ಟರೊಳಗೆ ಯಾರಾದರೂ ಕಿವಿಗೊಟ್ಟರೆ ಅವನನ್ನು ಆ ವರಾಂಡದಿಂದ ಹೊರಗೆ ಹಾಕುತ್ತಾರೆ, ಪಾಠ ಅಲ್ಲಿಗೆ ಮುಗಿಯಿತು.

ಕಿವಿಗೊಟ್ಟವರು ಸಂಗಯ್ಯ ಮಾಸ್ತರರು. ಕೋಣೆಯಿಂದ ಹೊರಬಂದು, ಬೆತ್ತದಿಂದ ಒಂದೊಂದೇ ಫರಸಿ ತಟ್ಟುತ್ತಾ ಬಂದರು. ಟಕ್, ಟಕ್, ಟಕ್. ನನ್ನ ಹತ್ತಿರ ಡುಬ್. ಮಾಸ್ತರರ ಮುಖ ಅರಳಿತು.

“ಹಾಕಿದವನಂಗೇ ಅದ ನೋಡ್ರಿ ಕಲ್ಲು, ಒಳಗ ಏನೂ ಇಲ್ಲ. ಏಳಸೋ ಇದನ್ನ.”

ಸಂಜೆ ಶಾಲೆ ಬಿಟ್ಟ ಮೇಲೆ ತೆಗೆದು ಸರಿ ಮಾಡುತ್ತೇನೆಂದು ಭೀಮಶಾ ಬೇಡಿಕೊಂಡ. ಈಗಲೇ, ಎಲ್ಲರ ಎದುರೇ ತೆಗೆ ಅಂದರು ಮಾಸ್ತರರು. ಭೀಮಶಾನ ಕಣ್ಣು ಕೆಂಪಾದವು. ಹಾರೆ ಹಿಡಿದ ಅವನ ಮುಷ್ಟಿ ನೋಡಿ ಮುಂದಿನ ಸಾಲಿನ ಮಕ್ಕಳು ಹಿಂದೆ ಸರಿದವು. ನನಗೂ ಒಂದು ಕ್ಷಣ ಆ ಹಾರೆ ಯಾವ ಕಡೆ ಹೋಗುತ್ತದೋ ಎಂಬ ಭಯ. ಅದು ನನ್ನ ಸಂದಿಗೇ ಬಂತು. ಅಪ್ಪ ಖಣಿಯಲ್ಲಿ ಎಬ್ಬಿಸಿದವನನ್ನು ಮಗ ಶಾಲೆಯಲ್ಲಿ ಎಬ್ಬಿಸಿ, ಗೋಡೆಗೆ ನಿಲ್ಲಿಸಿ, ತಾನೂ ಗೋಡೆಯ ಕಡೆ ಮುಖ ಮಾಡಿ ನಿಂತ.

ನನ್ನ ಬೆನ್ನು ಎಲ್ಲರಿಗೂ ಕಾಣುತ್ತಿತ್ತು.

ಮಕ್ಕಳಿಗೆ ಅದು ತಮ್ಮದೇ ಆಟ. ಯಾರೂ ಹೇಳದೆ ಕೂಡಿ ಓದಲು ಶುರು ಮಾಡಿದವು. ತಂಗೆಮ್ಮ ರೊಟ್ಟಿ ತಿಂದದ್ದು, ನಾಯಿ ಓಡಿದ್ದು, ಹುಡುಗ ಶಾಲೆಗೆ ಹೋಗದ್ದು, ಟೀಚರು ಬೋರ್ಡಿನ ಮೇಲೆ ಬರೆದದ್ದು. ನಾಲ್ಕು ಸಾಲು ಗದ್ದಲದಲ್ಲಿ ಮುಗಿದವು. ಐದನೆಯದು ಆಟದಲ್ಲಿ ಬಂದದ್ದಲ್ಲ. ತಂಗೆಮ್ಮ ಒಬ್ಬಳೇ ತಡೆದು ತಡೆದು ಓದಿದಳು. ‘ಮೈ ಫಾದರ್ ಡಸ್ ನಾಟ್ ಕಾಫ್ ನೌ.’ ನಮ್ಮಪ್ಪ ಈಗ ಕೆಮ್ಮುವುದಿಲ್ಲ.

ಲಾಲಪ್ಪ ಸತ್ತದ್ದು ಆ ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. ಒಂದೂ ನಗಲಿಲ್ಲ. ಮಾಸ್ತರರು ಕನ್ನಡಕ ಏರಿಸಿ, ಬಗ್ಗಿ, ಎರಡು ಸಲ ಓದಿದರು. ತಪ್ಪು ಹುಡುಕುವುದು ಅವರ ಕಣ್ಣಿಗೆ ಮೂವತ್ತು ವರ್ಷದ ಅಭ್ಯಾಸ. ಈ ಸಲ ಸಿಗಲಿಲ್ಲ. ಕೊನೆಗೆ, ಇದೆಲ್ಲ ಸರಿ, ಸಿಮೆಂಟ್ ಯಾಕೆ ತುಂಬಲಿಲ್ಲ ಎಂದು ಗದರಿದರು.

“ತುಂಬಿದ್ರ ಅಳಸಿ ಹೋಗ್ತಾವ್ರಿ,” ಅಂದ ಭೀಮಶಾ. ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ನಸೀಮಾ ಟೀಚರು ಮುಂದೆ ಬಂದರು. ಕೈಯ ಸೀಮೆಸುಣ್ಣ ಒರೆಸಿಕೊಂಡು, ಇಂಥವು ಇನ್ನೂ ಎಷ್ಟಿವೆ ಎಂದು ಅವನನ್ನು ಕೇಳಿದರು. ಹತ್ತು ಅಂದ. ಯಾಕೆ ಬರೆದೆ ಅಂದರೆ, ಹತ್ತನೆಯ ತರಗತಿಯ ಇಂಗ್ಲಿಷಿಗೆ ಅಂದ. ಪರೀಕ್ಷೆ ಯಾವಾಗ ಅಂತ ಕೇಳಿದರು. ಅದನ್ನೂ ಹೇಳಿದ. ಟೀಚರು ಮಾಸ್ತರರ ಕಡೆ ತಿರುಗಿದರು.

“ಹನ್ನೊಂದು ಫರಸಿ ಟೊಳ್ಳ ಅದಾವ್ರಿ ಸರ್, ನೀವು ಹೇಳಿದ್ದು ಖರೇನೇ. ದಿನಕ್ಕ ಒಂದೇ ಹಾಕ್ಲಿ. ಅವಸರ ಮಾಡಿದ್ರ ಮತ್ತ ಹಿಂಗೇ ಆಗ್ತದ.”

ಮಕ್ಕಳ ಎದುರು ಗಟ್ಟಿ ಕೆಲಸ ಬೇಕೆಂದು ಕೂಗಿದವರು ತಾವೇ. ಬೇಡ ಅನ್ನಲು ಮಾಸ್ತರರಿಗೆ ದಾರಿ ಉಳಿದಿರಲಿಲ್ಲ. ಹೂಂ ಎಂದು ಕೋಣೆಗೆ ಹೋದರು. ಟೀಚರು ತಮ್ಮ ಚೀಲದಿಂದ ಒಂದು ಹೊಸ ನೋಟ್‌ಬುಕ್ ತೆಗೆದು ಬಾಣಲೆಯ ಪಕ್ಕದಲ್ಲಿಟ್ಟರು. ಕಲ್ಲಿಗೆ ಬರೆಯುವುದು ಸಾಕು, ಇದರಲ್ಲಿ ಬರೆ, ನಾಳೆಯಿಂದ ತಿದ್ದುತ್ತೇನೆ ಅಂದರು. ಭೀಮಶಾ ಅದನ್ನು ತಕ್ಷಣ ಮುಟ್ಟಲಿಲ್ಲ. ಮೊದಲು ಟವೆಲಿನಿಂದ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಐದು ಸಾಲನ್ನೂ ಅದರಲ್ಲಿ ಇಳಿಸಿಕೊಂಡ ಮೇಲೆ ನನ್ನ ಬೆನ್ನ ತುಂಬ ಸಿಮೆಂಟು ಹಚ್ಚಿ ಕೂರಿಸಿದ. ತಟ್ಟಿದ. ಟಕ್. ಅಬ್ಬ, ಆ ಸದ್ದು! ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ ಹಾಗಿತ್ತು ನನಗೆ. ಎಷ್ಟು ಮಕ್ಕಳು ಬೇಕಾದರೂ ಜಿಗಿಯಲಿ, ಇನ್ನು ನಾನು ಹೆದರುವವನಲ್ಲ. ಸದ್ದು ಹೋಯಿತೆಂದು ಮಕ್ಕಳು ಮಾತ್ರ ಎರಡು ದಿನ ಮುಖ ಊದಿಸಿದ್ದವು.

ಹನ್ನೊಂದು ದಿನ. ದಿನಕ್ಕೊಂದು ಫರಸಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತು ಅವನು ಮಕ್ಕಳ ಹಿಂದಿನ ಸಾಲಿನಲ್ಲಿ, ಮೊಳಕಾಲು ಮಡಚಿ, ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದ. ಒಂದು ದಿನ ಡಸ್ ರಟ್ಟಿನ ಹುಡುಗ ಬಂದಿರಲಿಲ್ಲ. ಮಕ್ಕಳು ಅದನ್ನು ಭೀಮಶಾನ ಕೊರಳಿಗೇ ಹಾಕಿದವು. ಪ್ರಶ್ನೆ ಬಂದಾಗಲೆಲ್ಲ ಆ ಆರಡಿ ಆಳು ಸಾಲಿನ ಮುಂದಕ್ಕೆ ಓಡುವುದನ್ನು ನೋಡಿ ವರಾಂಡವೆಲ್ಲ ನಕ್ಕಿತು. ಅವನೂ ನಕ್ಕ. ಅವನ ಹಲ್ಲು ನಾನು ನೋಡಿದ್ದು ಅದೇ ಮೊದಲು.

ಇಂಗ್ಲಿಷಿನಲ್ಲಿ ಮೂವತ್ತೆಂಟು ಬಂತು. ಬೇಕಾದದ್ದಕ್ಕಿಂತ ಮೂರು ಹೆಚ್ಚು. ಅವನು ಓಡಿ ಬಂದು ಟೀಚರಿಗೆ ಹೇಳಿ, ವರಾಂಡದ ಅಂಚಿಗೆ ಕೂತು, ಎರಡೂ ಅಂಗೈ ನೆಲಕ್ಕೆ ಊರಿ ಬಹಳ ಹೊತ್ತು ಉಸಿರು ಎಳೆದುಕೊಂಡ. ಒಂದು ಅಂಗೈ ನನ್ನ ಮೇಲಿತ್ತು.

ವರ್ಷಗಳು ಹೋದವು. ವರಾಂಡ ಒಡೆದರು. ನನ್ನ ಒಂದು ಮೂಲೆ ಮುರಿಯಿತು. ನನ್ನನ್ನು ಎರಡು ದಿಮ್ಮಿಗಳ ಮೇಲಿಟ್ಟು ಗೇಟಿನ ಬೇವಿನ ಮರದಡಿ ಕೂರುವ ಕಟ್ಟೆ ಮಾಡಿದರು. ನಸೀಮಾ ಟೀಚರು ವರ್ಗವಾಗಿ ಹೋದರು. ಮುದಿತನದಲ್ಲಿ ನೆರಳು ಸಿಕ್ಕಿದೆ, ತಕರಾರಿಲ್ಲ. ಒಂದು ಮಾತು ಮಾತ್ರ ಕಲಿತಿದ್ದೇನೆ. ಯಾರನ್ನಾದರೂ ಟೊಳ್ಳು ಅನ್ನುವ ಮುಂಚೆ ಎಬ್ಬಿಸಿ ಬೆನ್ನು ನೋಡಬೇಕು. ನಿವೃತ್ತರಾದ ಸಂಗಯ್ಯ ಮಾಸ್ತರರು ದಿನಾ ಬೆಳಿಗ್ಗೆ ಪೇಪರು ಹಿಡಿದು ಬಂದು ನನ್ನ ಮೇಲೆಯೇ ಕೂರುತ್ತಾರೆ. ಮುಂಚಿಗಿಂತ ಹಗುರಾಗಿದ್ದಾರೆ.

ಮೊನ್ನೆ ಹೊಸ ಕಟ್ಟಡಕ್ಕೆ ತೊಲೆ ಎತ್ತಲು ಕ್ರೇನ್ ಬಂತು. ಅದರಿಂದ ಇಳಿದವನು ಭೀಮಶಾ. ತಲೆಗೆ ಹಳದಿ ಟೋಪಿ, ಕೊರಳಲ್ಲಿ ಸೀಟಿ, ಮೈಮೇಲೆ ಧೂಳಿಲ್ಲ. ಹೊರರಾಜ್ಯದ ಎಂಜಿನಿಯರ್ ಜತೆ ಫೋನಿನಲ್ಲಿ ನಾಲ್ಕು ಮಾತು ಇಂಗ್ಲಿಷಿನಲ್ಲೇ ಆಡಿ ಮುಗಿಸಿದ. ಮರದಡಿ ಸೇರಿದ್ದ ಊರವರು ಬೆರಗಾದರು. ಇವ ನನ್ನ ಶಿಷ್ಯ ಎಂದು ಮಾಸ್ತರರು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾರೋ ಒಬ್ಬ ಹೌದೇನು ಎಂದು ಹುಬ್ಬೇರಿಸಿದ.

“ಭೀಮಶಾ, ನೀನೇ ಹೇಳಪ. ನಿಂಗ ಇಂಗ್ಲಿಷ್ ಕಲಿಸ್ದವ್ರು ಯಾರು?”

ದನಿಯಲ್ಲಿ ಬೆತ್ತ ಇರಲಿಲ್ಲ. ಆದರೆ ಅವರ ಕೈ ನನ್ನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಎಲ್ಲರೂ ಭೀಮಶಾನ ಬಾಯಿ ನೋಡಿದರು. ನಸೀಮಾ ಟೀಚರ ಹೆಸರು ಹೇಳಿದ್ದರೆ ಸಾಕಿತ್ತು, ಮುದುಕರು ಅಲ್ಲೇ ಕುಸಿಯುತ್ತಿದ್ದರು. ಅವನು ಮಾಸ್ತರರನ್ನು ನೋಡಿದ. ಆ ಕೈಯನ್ನೂ ನೋಡಿದ. ಆಮೇಲೆ ಟೋಪಿಯ ಪಟ್ಟಿ ಬಿಗಿಮಾಡಿಕೊಂಡು, ತಿರುಗಿ, ಅವಸರವಿಲ್ಲದ ಹೆಜ್ಜೆ ಇಡುತ್ತಾ ಕ್ರೇನಿನ ಕಡೆ ನಡೆದುಹೋದ.